742ನೇ ನಂಬರು

2012ರ ಫೆಬ್ರವರಿಯ ಒಂದು ರಾತ್ರಿ ನನ್ನ ನಂಬರು ಬಂತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಹೋಟೆಲ್ ಕೋಣೆಯಲ್ಲಿದ್ದೆ. ಹೊರಗೆ ಹಿಮ ಸುರಿಯುತ್ತಿತ್ತು. ಬೆಳಗಿನ ಮೊದಲ ವಿಮಾನ ನನ್ನದೇ, ಬೇಗ ಮಲಗಬೇಕಿತ್ತು. ಅಷ್ಟರಲ್ಲಿ ಯೂನಿಯನ್ನಿನ ಮೇಲ್ ಬಂತು. ಅದರೊಳಗೆ ಎರಡು ಕಂಪನಿಯವರನ್ನು ಸೇರಿಸಿ ಮಾಡಿದ 1,100 ಪೈಲಟ್‌ಗಳ ಸೀನಿಯಾರಿಟಿ ಪಟ್ಟಿ. ಕೆಳಕ್ಕೆ ಸರಿಸುತ್ತಾ ಹೋದೆ. ಇನ್ನೂ ಕೆಳಗೆ, ಇನ್ನೂ ಕೆಳಗೆ. ಕೊನೆಗೆ ನನ್ನ ಹೆಸರು ಸಿಕ್ಕಿತು. 742.

ಹೆಂಡತಿಗೆ ಫೋನ್ ಮಾಡಿ ನಂಬರ್ ಅಷ್ಟೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಕ್ಯಾಪ್ಟನ್ ಆಗೋಕೆ ಇನ್ನೂ ಮೂರು ವರ್ಷ, ಅಲ್ವಾ?" ಅಂದಳು. ಎರಡು ವರ್ಷದಿಂದ ಮನೆಯಲ್ಲಿ ಇದೇ ಲೆಕ್ಕ. ಅವಳಿಗೂ ಬಾಯಿಪಾಠವಾಗಿತ್ತು.

ನಾನು ಧಾರವಾಡದವನು. 1996ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕಕ್ಕೆ ಬಂದೆ. ವಿಮಾನ ಹಾರಿಸಬೇಕು ಅನ್ನೋದು ಚಿಕ್ಕಂದಿನ ಆಸೆ. ಗ್ರೀನ್ ಕಾರ್ಡ್ ಬಂದ ಮೇಲೆ, 33ನೇ ವಯಸ್ಸಿನಲ್ಲಿ, 50,000 ಡಾಲರ್ ಸಾಲ ಮಾಡಿ ತರಬೇತಿ ಪಡೆದೆ. ಎರಡು ವರ್ಷ ಬೇರೆಯವರಿಗೆ ಹಾರಾಟ ಕಲಿಸಿ ಗಂಟೆ ಕೂಡಿಸಿದೆ. 2006ರ ಫೆಬ್ರವರಿಯಲ್ಲಿ ಒಂದು ರೀಜನಲ್ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್ ಆಗಿ ಸೇರಿದೆ. ಗಂಟೆಗೆ 22 ಡಾಲರ್, ತಿಂಗಳಿಗೆ 75 ಗಂಟೆ ಖಾತ್ರಿ. ಅಂದರೆ ತೆರಿಗೆಗೆ ಮೊದಲು 1,650 ಡಾಲರ್. ಗಂಟೆ ಅಂದರೆ ವಿಮಾನ ಗೇಟು ಬಿಟ್ಟಾಗಿನಿಂದ ಗೇಟು ಸೇರುವವರೆಗೆ ಮಾತ್ರ. ನಿಲ್ದಾಣದಲ್ಲಿ ಕಾಯುವುದು, ತಪಾಸಣೆ ಮಾಡುವುದು, ಇವಕ್ಕೆಲ್ಲ ಗಂಟೆ ಇಲ್ಲ. ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ.

ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದಾಗ ಎಲ್ಲರೂ ಕೇಳುತ್ತಿದ್ದರು, "ಯಾವ ಏರ್‌ಲೈನು?" ಉತ್ತರ ಹೇಳಲು ಐದು ನಿಮಿಷ ಬೇಕಾಗುತ್ತಿತ್ತು. ವಿಮಾನದ ಮೇಲೆ ದೊಡ್ಡ ಕಂಪನಿಯ ಹೆಸರು, ಬಣ್ಣ. ಟಿಕೆಟ್ ಮಾರುವವರೂ ಅವರೇ. ಆದರೆ ಹಾರಿಸುವವರು ನಾವು, ಬೇರೆ ಸಣ್ಣ ಕಂಪನಿಯವರು. ಆ ದಿನಗಳಲ್ಲಿ ಅಮೆರಿಕದ ಒಳಗಿನ ಹಾರಾಟಗಳಲ್ಲಿ ಸುಮಾರು ಅರ್ಧ ಇಂಥ ರೀಜನಲ್ ಕಂಪನಿಗಳದ್ದೇ ಆಗಿತ್ತು. ದೊಡ್ಡ ಕಂಪನಿ ಹಾರಾಟಕ್ಕೆ ಇಷ್ಟು ಅಂತ ಹಣ ಕೊಡುತ್ತದೆ. ಇಂಧನದ ಖರ್ಚು ಬಹುಪಾಲು ಅವರದೇ. ಹಾಗಾಗಿ ಒಂದು ರೀಜನಲ್ ಕಂಪನಿ ಇನ್ನೊಂದಕ್ಕಿಂತ ಅಗ್ಗ ಆಗಬೇಕಾದರೆ ಕೈಯಿಡಲು ಉಳಿಯುವ ಮುಖ್ಯ ಜಾಗ ನೌಕರರ ಸಂಬಳ. ಹಳಬರು ಜಾಸ್ತಿ ಇರುವ ಕಂಪನಿ ದುಬಾರಿ, ಹೊಸಬರು ಜಾಸ್ತಿ ಇರುವ ಕಂಪನಿ ಅಗ್ಗ. ಇದನ್ನು ನೆನಪಿಡಿ. ಮುಂದಿನ ಜಗಳದ ಬೇರು ಇಲ್ಲೇ ಇದೆ.

2010ರ ಬೇಸಿಗೆಯಲ್ಲಿ ನಮ್ಮ ಕಂಪನಿಯನ್ನು ಇನ್ನೊಂದರ ಜೊತೆ ಸೇರಿಸುವುದಾಗಿ ಪ್ರಕಟಣೆ ಬಂತು. ನಾವು 400 ಪೈಲಟ್‌ಗಳು. ಹಾರಿಸುತ್ತಿದ್ದದ್ದು 37 ಸೀಟಿನ ಡ್ಯಾಶ್-8, ಪ್ರೊಪೆಲ್ಲರ್ ವಿಮಾನ. ನಮ್ಮದು ಹಳೆ ಕಂಪನಿ, ನಿಧಾನ ಬೆಳೆದದ್ದು. 1980ರ ದಶಕದಲ್ಲಿ ಸೇರಿದ ಕ್ಯಾಪ್ಟನ್‌ಗಳು ಇನ್ನೂ ಇದ್ದರು. ಆ ಇನ್ನೊಂದು ಕಂಪನಿಯವರು 700 ಜನ. 50 ಸೀಟಿನ ಸಿಆರ್‌ಜೆ-200 ಜೆಟ್‌ಗಳು, ಕೆಲವು 70 ಸೀಟಿನವೂ ಇದ್ದವು. ಅವರದು ಬೇಗ ಬೆಳೆದ ಕಂಪನಿ. 2003ರಲ್ಲಿ ಸೇರಿದವನು ಅಲ್ಲಿ ಎಂದೋ ಕ್ಯಾಪ್ಟನ್. ನಮ್ಮಲ್ಲಿ 1999ರಲ್ಲಿ ಸೇರಿದವರು ಕೆಲವರು ಇನ್ನೂ ಬಲಗಡೆ ಸೀಟಿನಲ್ಲೇ, ಅಂದರೆ ಫಸ್ಟ್ ಆಫೀಸರ್ ಆಗಿಯೇ ಇದ್ದರು. ಎಡಗಡೆ ಸೀಟು ಕ್ಯಾಪ್ಟನ್‌ದು.

ಪೈಲಟ್‌ಗೆ ಸೀನಿಯಾರಿಟಿ ನಂಬರು ಅಂದರೆ ಬರೀ ಗೌರವ ಅಲ್ಲ. ಯಾವ ಊರಿನಿಂದ ಹಾರಬೇಕು, ಯಾವ ವಿಮಾನ, ಎಡ ಸೀಟೋ ಬಲ ಸೀಟೋ, ದೀಪಾವಳಿಗೆ ಮನೆಯಲ್ಲಿ ಇರುತ್ತೀಯೋ ಇಲ್ಲವೋ, ಎಲ್ಲ ಅದರ ಮೇಲೆ. ಪ್ರತಿ ತಿಂಗಳು ಕೆಲಸದ ಪಟ್ಟಿಗೆ ಬಿಡ್ ಹಾಕಬೇಕು. ಮೇಲಿನವರು ಆರಿಸಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ. ತೀರಾ ಕೆಳಗಿದ್ದರೆ ರಿಸರ್ವ್. ಫೋನ್ ಹಿಡಿದು ಕೂರಬೇಕು, ಕರೆದಾಗ ಓಡಬೇಕು. ಕಂಪನಿ ಬಿಟ್ಟು ಬೇರೆ ಕಡೆ ಹೋದರೆ ಅಲ್ಲಿ ಕಟ್ಟಕಡೆಯ ನಂಬರಿನಿಂದ ಶುರು. ಇಪ್ಪತ್ತು ವರ್ಷದ ಅನುಭವ ಇದ್ದರೂ ಅಷ್ಟೇ.

ನಮ್ಮ ಕಾಲಕ್ಕೆ ಇನ್ನೊಂದು ಕಷ್ಟ ಸೇರಿತ್ತು. 2007ರ ಡಿಸೆಂಬರಿನಲ್ಲಿ ಪೈಲಟ್‌ಗಳ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು. ದೊಡ್ಡ ಕಂಪನಿಗಳಲ್ಲಿ ಐದು ವರ್ಷ ನಿವೃತ್ತಿಯೇ ಹೆಚ್ಚುಕಡಿಮೆ ನಿಂತುಹೋಯಿತು. ಹಿಂದೆಯೇ 2008ರ ಆರ್ಥಿಕ ಕುಸಿತ. ಮೇಲಿನವರು ಕದಲಲಿಲ್ಲ, ಕೆಳಗಿನವರಿಗೆ ದಾರಿ ಇರಲಿಲ್ಲ. ಎಲ್ಲರೂ ಸಾಲಿನಲ್ಲಿ ನಿಂತೇ ಇದ್ದೆವು. ಅಂಥ ಹೊತ್ತಿನಲ್ಲಿ ಎರಡು ಸಾಲುಗಳನ್ನು ಒಂದು ಮಾಡಿ ಅಂದರು.

ಇದಕ್ಕೆ ಒಂದು ಕ್ರಮ ಇದೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯೂಎ ಎಂಬ ಹಳೆ ಏರ್‌ಲೈನನ್ನು ಕೊಂಡಾಗ ಟಿಡಬ್ಲ್ಯೂಎಯ ಅರ್ಧಕ್ಕೂ ಜಾಸ್ತಿ ಪೈಲಟ್‌ಗಳನ್ನು ಪಟ್ಟಿಯ ಬುಡಕ್ಕೆ ಅಂಟಿಸಿಬಿಟ್ಟರು. ಪೈಲಟ್‌ಗಳ ಮಾತಿನಲ್ಲಿ ಅದು 'ಸ್ಟೇಪಲ್'. ಅದೇ ವರ್ಷ ಸೆಪ್ಟೆಂಬರ್ 11 ಆಯಿತು. ಬುಡದಲ್ಲಿದ್ದವರು ಕೆಲಸ ಕಳೆದುಕೊಂಡರು. ಟಿಡಬ್ಲ್ಯೂಎಯ ನೆಲೆ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್. ಮಿಸೌರಿಯ ಇಬ್ಬರು ಸೆನೆಟರ್‌ಗಳು, ಮ್ಯಾಕ್‌ಕ್ಯಾಸ್ಕಿಲ್ ಮತ್ತು ಬಾಂಡ್, ಬೇರೆ ಬೇರೆ ಪಕ್ಷದವರಾದರೂ ಸೇರಿ 2007ರಲ್ಲಿ ಕಾನೂನು ತಂದರು. ಪಟ್ಟಿ ಸೇರಿಸುವುದು 'ನ್ಯಾಯವಾಗಿ, ಸಮವಾಗಿ' ಆಗಬೇಕು, ಒಪ್ಪಂದ ಆಗದಿದ್ದರೆ ಮಧ್ಯಸ್ಥಗಾರನ ತೀರ್ಪು.

ನ್ಯಾಯ ಅಂದರೆ ಯಾವುದು? ನಮ್ಮವರು ಕೇಳಿದ್ದು ಕೆಲಸಕ್ಕೆ ಸೇರಿದ ತಾರೀಖು. ಮೊದಲು ಬಂದವನು ಮೊದಲು. ಅವರು ಕೇಳಿದ್ದು ಈಗಿನ ಸ್ಥಾನ. ಜೆಟ್ ಕ್ಯಾಪ್ಟನ್ ಜೆಟ್ ಕ್ಯಾಪ್ಟನ್ ಆಗಿಯೇ ಇರಬೇಕು, ಪ್ರೊಪೆಲ್ಲರ್ ವಿಮಾನದ ಹಳಬ ಬಂದು ಅವನನ್ನು ತಳ್ಳಬಾರದು. ಇಬ್ಬರ ಮಾತೂ ಸರಿ ಅಂತ ನನಗೆ ಇವತ್ತು ಅನಿಸುತ್ತದೆ. ಅವತ್ತು ಹಾಗೆ ಅನಿಸಿರಲಿಲ್ಲ.

ನಾನು ಹಿಂದೆ ಸಾಫ್ಟ್‌ವೇರ್‌ನಲ್ಲಿ ಇದ್ದದ್ದು ಗೊತ್ತಿದ್ದ ನಮ್ಮ ಸಮಿತಿಯ ಹಿರಿಯ ಕ್ಯಾಪ್ಟನ್ ಒಬ್ಬರು ಲೆಕ್ಕಕ್ಕೆ ನನ್ನನ್ನು ಕರೆದರು. 1,100 ಸಾಲಿನ ಎಕ್ಸೆಲ್ ಹಾಳೆ. ಹುಟ್ಟಿದ ತಾರೀಖು, ಸೇರಿದ ತಾರೀಖು, ವಿಮಾನ, ಸೀಟು, 65 ತುಂಬುವ ದಿನ. ಹೆಸರಿಲ್ಲ, ನೌಕರರ ನಂಬರ್ ಮಾತ್ರ. ತಾರೀಖಿನ ಕಾಲಂ ಮೇಲೆ ಜೋಡಿಸಿದರೆ ಒಂದು ಪಟ್ಟಿ. ಸ್ಥಾನದ ಮೇಲೆ ಜೋಡಿಸಿದರೆ ಪೂರ್ತಿ ಬೇರೆ ಪಟ್ಟಿ. ಪ್ರತಿಯೊಂದನ್ನೂ ಹತ್ತು ವರ್ಷ ಮುಂದಕ್ಕೆ ಓಡಿಸಿ ಯಾರು ಯಾವಾಗ ಕ್ಯಾಪ್ಟನ್ ಆಗುತ್ತಾರೆ ಅಂತ ತೋರಿಸಬೇಕಿತ್ತು. ಆ ಹಿರಿಯರು ಮೊದಲ ದಿನವೇ ಒಂದು ಮಾತು ಹೇಳಿದ್ದರು: ನಿನ್ನ ಸಾಲನ್ನು ನೋಡಬೇಡ, ಲೆಕ್ಕ ಕೆಡುತ್ತದೆ.

ನಾನು ನೋಡಿದೆ. ಎಷ್ಟೋ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೊದಲು ನನ್ನ ಸಾಲನ್ನೇ ಹುಡುಕಿದೆ. ನಮ್ಮವರು ಕೇಳಿದ ಪಟ್ಟಿಯಲ್ಲಿ ನಾನು 610. ಅವರು ಕೇಳಿದ ಪಟ್ಟಿಯಲ್ಲಿ 840. ಕ್ಯಾಪ್ಟನ್ ಸೀಟುಗಳು ಸುಮಾರು 520. ಮೇಲಿನಿಂದ ತಿಂಗಳಿಗೆ ಆರು ಜನ ಬಿಟ್ಟು ಹೋದರೆ 610ಕ್ಕೆ ಹದಿನೈದು ತಿಂಗಳು ಕಾಯಬೇಕು. 840ಕ್ಕೆ ನಾಲ್ಕೂವರೆ ವರ್ಷ. ನನಗೆ ಆಗಲೇ ನಲವತ್ತು ದಾಟಿತ್ತು. ಗಂಟೆಗೆ ಸಿಗುತ್ತಿದ್ದದ್ದು 37 ಡಾಲರ್, ಕ್ಯಾಪ್ಟನ್ ಆದರೆ 62. ಅದಕ್ಕಿಂತ ಮುಖ್ಯ ಎಂದರೆ, ಜೆಟ್ ಅಥವಾ ಟರ್ಬೊಪ್ರೊಪ್ ವಿಮಾನದಲ್ಲಿ ಕ್ಯಾಪ್ಟನ್ ಆಗಿ ಸಾವಿರ ಗಂಟೆ ಇಲ್ಲದವನ ಅರ್ಜಿಯನ್ನು ದೊಡ್ಡ ಕಂಪನಿಗಳು ಆಗ ಸಾಮಾನ್ಯವಾಗಿ ನೋಡುತ್ತಲೇ ಇರಲಿಲ್ಲ.

ಒಪ್ಪಂದ ಆಗಲಿಲ್ಲ. ಮಧ್ಯಸ್ಥಗಾರನ ಮುಂದೆ ವಿಚಾರಣೆ 2011ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನ ಒಂದು ಹೋಟೆಲ್ ಸಭಾಂಗಣದಲ್ಲಿ ನಡೆಯಿತು. ಎರಡೂ ಕಡೆಯವರು ಒಂದೇ ಯೂನಿಯನ್ನಿನ ಸದಸ್ಯರು, ಒಂದೇ ಬಿಲ್ಲೆ ಕೊರಳಪಟ್ಟಿಗೆ. ಆದರೆ ಎದುರುಬದುರು ಮೇಜು, ಎರಡು ಕಡೆ ವಕೀಲರು, ಎಲ್ಲವನ್ನೂ ಟೈಪ್ ಮಾಡುವ ಒಬ್ಬ ಹೆಂಗಸು. ಯೂನಿಯನ್ನಿನ ನಿಯಮ 2009ರಲ್ಲಿ ಬದಲಾಗಿತ್ತು. ಮುಂದಿನ ವೃತ್ತಿಯ ನಿರೀಕ್ಷೆ, ಸೇವೆಯ ಅವಧಿ, ಈಗಿನ ಸ್ಥಾನ ಮತ್ತು ವಿಮಾನ, ಈ ಮೂರನ್ನೂ ನೋಡಬೇಕು ಅಂತ. ಯಾವುದಕ್ಕೆ ಎಷ್ಟು ತೂಕ ಅಂತ ಹೇಳಿರಲಿಲ್ಲ. ಆ ತೂಕದ ಮೇಲೇ ದಿನಗಟ್ಟಲೆ ವಾದ. ಕಾಫಿ ಬಿಡುವಿನಲ್ಲಿ ಎರಡು ಕಡೆಯವರು ಎರಡು ಮೂಲೆಯಲ್ಲಿ ನಿಲ್ಲುತ್ತಿದ್ದರು.

ಎಲ್ಲರ ಮನಸ್ಸಿನಲ್ಲಿದ್ದ ಹೆದರಿಕೆ ಒಂದೇ. ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಒಂದಾದವು. 2007ರಲ್ಲಿ ನಿಕೊಲೊ ಎಂಬ ಮಧ್ಯಸ್ಥಗಾರ ಕೊಟ್ಟ ಪಟ್ಟಿಯನ್ನು ಒಂದು ಕಡೆಯವರು ಒಪ್ಪಲೇ ಇಲ್ಲ. ಅವರದೇ ಸಂಖ್ಯೆ ಜಾಸ್ತಿ ಇತ್ತು, ಮತ ಹಾಕಿ ಹಳೆ ಯೂನಿಯನ್ನನ್ನೇ ಹೊರಗೆ ಹಾಕಿದರು. ವರ್ಷಗಟ್ಟಲೆ ಎರಡು ಗುಂಪು ಬೇರೆಬೇರೆಯಾಗಿ ಹಾರಿದರು. ಸಂಬಳವೂ ಹಳೆಯದೇ ಉಳಿಯಿತು.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವರು ಒಂದು ದಿನ, "ತಮ್ಮಾ, ಇದು ನಿಮ್ಮ ಅಜ್ಜನ ಜಗಳನ ಐತಿ" ಅಂದರು. ಅಜ್ಜ ಧಾರವಾಡ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮುಂಬೈ ಸರ್ಕಾರದ ನೌಕರ. 1956ರ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಆಯಿತು. ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಐದು ಕಡೆಯ ನೌಕರರನ್ನು ಒಂದೇ ಜ್ಯೇಷ್ಠತಾ ಪಟ್ಟಿಗೆ ತರಬೇಕಾಯಿತು. ಎಲ್ಲಿಯ ಯಾವ ಹುದ್ದೆ ಎಲ್ಲಿಯ ಯಾವ ಹುದ್ದೆಗೆ ಸಮ ಅನ್ನುವುದೇ ದೊಡ್ಡ ಪ್ರಶ್ನೆ. ಮೊಕದ್ದಮೆಗಳು ಸುಪ್ರೀಂ ಕೋರ್ಟ್‌ವರೆಗೂ ಹೋದವು. "ರಾಜ್ಯ ಒಂದಾತು ಅಂತ ಅಜ್ಜ ಪೇಢೆ ಹಂಚಿದ್ದ. ಪಟ್ಟಿ ಬಂದ ಮ್ಯಾಲೆ ಎರಡು ದಿನ ಊಟ ಬಿಟ್ಟಿದ್ದ" ಅಂದರು ಅಪ್ಪ. ಅಜ್ಜ ಪೇಢೆ ಹಂಚಿದ್ದು ನನಗೆ ಗೊತ್ತಿತ್ತು. ಊಟ ಬಿಟ್ಟದ್ದು ಗೊತ್ತಿರಲಿಲ್ಲ.

ತೀರ್ಪು ಎರಡರ ನಡುವೆ ಬಂತು. ನಮ್ಮ ಅತಿ ಹಿರಿಯ 60 ಜನ ತಾರೀಖಿನ ಪ್ರಕಾರ ಮೇಲೆ. ಉಳಿದವರಿಗೆ ಸೇವೆ ಮತ್ತು ಸ್ಥಾನ ಎರಡನ್ನೂ ಬೆರೆಸಿದ ಲೆಕ್ಕ. ಜೊತೆಗೆ ಮೂರು ವರ್ಷದ 'ಬೇಲಿ': ಡ್ಯಾಶ್-8ರ ಕ್ಯಾಪ್ಟನ್ ಸೀಟು ನಮ್ಮವರಿಗೇ, 70 ಸೀಟಿನ ಜೆಟ್ ಅವರಿಗೇ. ಈ ಬೇಲಿಯೇ ನಮ್ಮ ಸಮಾಧಾನವಾಗಿತ್ತು. ಏಳು ತಿಂಗಳಿಗೆ ದೊಡ್ಡ ಕಂಪನಿ ಡ್ಯಾಶ್-8ರ ಗುತ್ತಿಗೆ ನಿಲ್ಲಿಸಿತು. ವಿಮಾನಗಳು ಹೋದವು. ಬೇಲಿ ಇತ್ತು, ಒಳಗಿನ ಹೊಲ ಇರಲಿಲ್ಲ. ವಾಷಿಂಗ್ಟನ್ ಹತ್ತಿರದ ಡಲೆಸ್ ನಿಲ್ದಾಣದಲ್ಲಿದ್ದ ನಮ್ಮ ಬೇಸ್ ಮುಚ್ಚಿತು.

ಆ ವರ್ಷವೇ ಮೇ ತಿಂಗಳಿಂದ ಏರ್ ಇಂಡಿಯಾ ಪೈಲಟ್‌ಗಳ ಮುಷ್ಕರ 58 ದಿನ ನಡೆಯಿತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ಒಂದಾದ ಮೇಲಿನ ಅಸಮಾಧಾನ, ಹೊಸ ಬೋಯಿಂಗ್ 787 ಯಾರು ಹಾರಿಸಬೇಕು ಎಂಬ ಜಗಳ. ಬೆಂಗಳೂರಿನ ಗೆಳೆಯರು ಫೋನ್ ಮಾಡಿ, ಇಷ್ಟು ಸಂಬಳ ಬರೋರಿಗೆ ಏನು ಕಷ್ಟ ಅಂತ ಕೇಳಿದರು. ಸಂಬಳ ಎಷ್ಟು ಅನ್ನುವುದು ಬೇರೆ ಮಾತು. ನಿನ್ನೆ ನಿನ್ನ ಹಿಂದೆ ಇದ್ದವನು ಇವತ್ತು ಮುಂದೆ ನಿಂತಾಗ ಆಗುವ ನೋವು ಎಲ್ಲ ಕಡೆ ಒಂದೇ ಅಂತ ನನಗೆ ಗೊತ್ತಾಗಿತ್ತು. ಅದನ್ನೇ ಹೇಳಿದೆ.

ಸಿಆರ್‌ಜೆ ತರಬೇತಿ ಮುಗಿಸಿ ನಾನು ಷಿಕಾಗೋಗೆ ಹೋದೆ. ಮನೆ ವರ್ಜೀನಿಯಾದಲ್ಲಿ, ಕೆಲಸ ಷಿಕಾಗೋದಲ್ಲಿ. ಓ'ಹೇರ್ ನಿಲ್ದಾಣದ ಹತ್ತಿರ ಡೆಸ್ ಪ್ಲೇನ್ಸ್‌ನಲ್ಲಿ ಒಂದು ಕ್ರಾಶ್ ಪ್ಯಾಡ್, ಅಂದರೆ ಪೈಲಟ್‌ಗಳು ಹಂಚಿಕೊಳ್ಳುವ ಬಾಡಿಗೆ ಮನೆ. ಎರಡು ಕೋಣೆಯಲ್ಲಿ ಹನ್ನೆರಡು ಮಂಚ, ತಿಂಗಳಿಗೆ 225 ಡಾಲರ್. ಮನೆಗೆ ಹೋಗಬೇಕಾದರೆ ಬೇರೆ ವಿಮಾನದ ಜಂಪ್‌ಸೀಟ್, ಅಂದರೆ ಕಾಕ್‌ಪಿಟ್ಟಿನ ಹೆಚ್ಚುವರಿ ಸೀಟು, ಕೇಳಬೇಕು. ಅದನ್ನು ಕೊಡುವುದು ಬಿಡುವುದು ಆ ಕ್ಯಾಪ್ಟನ್ ಕೈಯಲ್ಲಿದೆ. ಒಂದು ಸಂಜೆ ನಮ್ಮದೇ ಹೊಸ ಕಂಪನಿಯ ಕ್ಯಾಪ್ಟನ್ ಒಬ್ಬ ನನ್ನ ಕೊರಳಲ್ಲಿದ್ದ ಹಳೆ ಕಂಪನಿಯ ಪಟ್ಟಿ ನೋಡಿ, ಜಾಗ ಇಲ್ಲ ಅಂದ. ಜಾಗ ಖಾಲಿ ಇದ್ದದ್ದು ನನಗೆ ಕಾಣುತ್ತಿತ್ತು. ಮರುದಿನ ಮಗಳ ಶಾಲೆಯಲ್ಲಿ ನಾಟಕ. ನಾನು ಆ ರಾತ್ರಿ ನಿಲ್ದಾಣದ ಕುರ್ಚಿಯಲ್ಲಿ ಮಲಗಿದೆ.

ಕಾಕ್‌ಪಿಟ್ ಒಳಗೂ ಅದೇ. 10,000 ಅಡಿ ಕೆಳಗಿರುವಾಗ ಹಾರಾಟಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಆಡಬಾರದು ಅನ್ನುವ ನಿಯಮ ಇದೆ. ಕೆಲವರ ಜೊತೆ 34,000 ಅಡಿಯಲ್ಲೂ ಆ ನಿಯಮ ನಡೆಯುತ್ತಿತ್ತು. ನಾಲ್ಕು ದಿನದ ಟ್ರಿಪ್ಪಿನಲ್ಲಿ ಚೆಕ್‌ಲಿಸ್ಟ್ ಬಿಟ್ಟು ಮಾತೇ ಇಲ್ಲ. ಇದು ಮನಸ್ಸಿಗೆ ಕಷ್ಟ ಅನ್ನುವುದಷ್ಟೇ ಅಲ್ಲ, ಅಪಾಯ ಕೂಡ. ಪಕ್ಕದವನಿಗೆ ಏನೋ ಸರಿ ಇಲ್ಲ ಅನಿಸಿದರೆ ಅವನು ಬಾಯಿ ಬಿಡಬೇಕು. ಬಾಯಿ ಬಿಡಲು ಮೊದಲೇ ಒಂದಿಷ್ಟು ಸಲಿಗೆ ಬೇಕು. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಒಂದು ರೀಜನಲ್ ವಿಮಾನ ಬಿದ್ದು 50 ಜನ ಸತ್ತಿದ್ದರು. ಪೈಲಟ್‌ಗಳ ಕಡಿಮೆ ಸಂಬಳ, ರಾತ್ರಿಯಿಡೀ ದೂರದ ಊರಿನಿಂದ ಪಯಣಿಸಿ ಕೆಲಸಕ್ಕೆ ಬರುವುದು, ಎಲ್ಲ ಆ ತನಿಖೆಯಲ್ಲಿ ಹೊರಗೆ ಬಂದಿತ್ತು. ನಮ್ಮಲ್ಲಿ ಯಾರೂ ಅದನ್ನು ಮರೆತಿರಲಿಲ್ಲ.

743 ನನಗೆ ಸಿಕ್ಕಿದ್ದು ಕ್ರಾಶ್ ಪ್ಯಾಡಿನಲ್ಲಿ. ಟೆಕ್ಸಾಸಿನ ಹುಡುಗ, ಆ ಕಡೆಯವನು, ಕೆಳಗಿನ ಮಂಚ. ಮೊದಲ ವಾರ ಇಬ್ಬರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆವು. ಒಂದು ರಾತ್ರಿ ಒಬ್ಬನಿಗೇ ಅನ್ನ ಸಾರು ಮಾಡಿಕೊಳ್ಳುತ್ತಿದ್ದೆ. ಅವನು ಬ್ರೆಡ್ ತಿನ್ನುತ್ತಾ ಕೂತಿದ್ದ. ತಟ್ಟೆ ಮುಂದಿಟ್ಟೆ. ತಿಂದು ಆದ ಮೇಲೆ ಅವನೇ ಕೇಳಿದ, ನಿನ್ನ ನಂಬರು ಎಷ್ಟು ಅಂತ. ಹೇಳಿದೆ. ಅವನು ತನ್ನ ಫೋನ್ ತೆಗೆದು ತೋರಿಸಿದ. ನನ್ನ ಹೆಸರಿನ ಕೆಳಗೇ ಅವನ ಹೆಸರು.

ನಾನು ಕಳೆದುಕೊಂಡೆ, ಅವರು ಗಳಿಸಿದರು ಅಂತ ಅಲ್ಲಿಯವರೆಗೂ ನಂಬಿದ್ದೆ. ಅವರ ಸಮಿತಿಯ ಪಟ್ಟಿಯಲ್ಲಿ ಅವನು 665 ಇದ್ದನಂತೆ. ನಮ್ಮವರು ಗಳಿಸಿದರು ಅಂತ ಅವನು ನಂಬಿದ್ದ. ಆ ರಾತ್ರಿ ಹಾಳೆ ತೆಗೆದು ಅವನಿಗೆ ನನ್ನ ಲೆಕ್ಕ ಎಲ್ಲ ತೋರಿಸಿದೆ. ನಾನು ಅವನ ಸಾಲನ್ನು ಎಷ್ಟೋ ಸಲ ಮೇಲೆ ಕೆಳಗೆ ಮಾಡಿದ್ದೆ. ನನಗೆ ಅವನು ಆಗ ಆರಂಕಿಯ ಒಂದು ನಂಬರ್ ಅಷ್ಟೇ.

2013ರ ಮೊದಲಲ್ಲಿ ಕಂಪನಿ ಸಂಬಳಕ್ಕೇ ಕೈ ಹಾಕಿತು. ನೀವು ದುಬಾರಿ, ಕಡಿತ ಒಪ್ಪದಿದ್ದರೆ ದೊಡ್ಡ ಕಂಪನಿ ಈ ಹಾರಾಟಗಳನ್ನು ಬೇರೆಯವರಿಗೆ ಕೊಡುತ್ತದೆ ಅಂದರು. ಮುಷ್ಕರ ಮಾಡೋಣ ಅಂದರೆ ಅಮೆರಿಕದಲ್ಲಿ ರೈಲ್ವೆ ಲೇಬರ್ ಆಕ್ಟ್ ಇದೆ. 1926ರದು, 1936ರಿಂದ ವಿಮಾನಯಾನಕ್ಕೂ ಅನ್ವಯ. ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಬಿಡುವವರೆಗೆ ಕೆಲಸ ನಿಲ್ಲಿಸುವ ಹಾಗಿಲ್ಲ. ಉಳಿದದ್ದು ಮತ ಹಾಕುವುದು. ಫಸ್ಟ್ ಆಫೀಸರ್‌ಗಳ ಸಂಬಳ ನಾಲ್ಕನೇ ವರ್ಷದ ಮಟ್ಟಕ್ಕೆ ನಿಲ್ಲುವುದು ಅಂತ ಕರಡಿನಲ್ಲಿತ್ತು. ನನಗೆ ಏಳು ವರ್ಷ ಆಗಿತ್ತು. ಗಂಟೆಗೆ ಮೂರು ಡಾಲರ್ ಕಡಿಮೆ. ಮೇಲಿನ ಕ್ಯಾಪ್ಟನ್‌ಗಳಿಗೆ ಕಡಿತವೇ ಇಲ್ಲ, ಮುಂದಿನ ಏರಿಕೆ ಮಾತ್ರ ಇಲ್ಲ. ಸ್ವಲ್ಪ ಅಂತರದಲ್ಲಿ ಪಾಸಾಯಿತು. ಈ ಸಲ ಪಟ್ಟಿ ಒಡೆದದ್ದು ನಮ್ಮವರು ಅವರವರು ಅಂತಲ್ಲ, ಮೇಲಿನವರು ಕೆಳಗಿನವರು ಅಂತ. 743 ಮತ್ತು ನಾನು ಒಂದೇ ಕಡೆ ಮತ ಹಾಕಿದೆವು, ಒಟ್ಟಿಗೇ ಸೋತೆವು. ಎರಡು ವರ್ಷ ನಾವು ಒಬ್ಬರನ್ನೊಬ್ಬರು ಎಣಿಸುತ್ತಾ ಕೂತಿದ್ದೆವು. ಆ ಹೊತ್ತಿನಲ್ಲಿ ಗುತ್ತಿಗೆಯ ದರದ ಬಗ್ಗೆ ನಮ್ಮಲ್ಲಿ ಒಬ್ಬರೂ ಒಂದು ಹಾಳೆ ತಯಾರಿಸಲಿಲ್ಲ. ನನಗೆ ಇವತ್ತಿಗೂ ಅದೇ ಬೇಜಾರು.

ಒಂದು ನಂಬರಿನ ವ್ಯತ್ಯಾಸ ಏನು ಅಂತ ಆ ವರ್ಷದ ಡಿಸೆಂಬರಿನಲ್ಲಿ ಕಂಡೆ. ಷಿಕಾಗೋ ಬೇಸಿನಲ್ಲಿ ನಿಗದಿತ ಕೆಲಸದ ಕೊನೆಯ ಲೈನ್ ನನಗೆ ಸಿಕ್ಕಿತು. ನನ್ನ ಕೆಳಗಿನವನಿಂದ, ಅಂದರೆ 743ರಿಂದ, ರಿಸರ್ವ್ ಶುರು. ಅವನ ಮಗಳಿಗೆ ಮೊದಲ ಕ್ರಿಸ್ಮಸ್. ಬದಲಿಸಿಕೊಳ್ಳಲು ಇಬ್ಬರೂ ಸೇರಿ ಫೋನ್ ಮಾಡಿದೆವು. ಲೈನ್ ಮತ್ತು ರಿಸರ್ವ್ ನಡುವೆ ಬದಲಾವಣೆ ಇಲ್ಲ ಅಂದರು. 24ರ ಬೆಳಿಗ್ಗೆ ಅವನೇ ನನ್ನನ್ನು ತನ್ನ ಹಳೆ ಕಾರಿನಲ್ಲಿ ಓ'ಹೇರ್‌ಗೆ ಬಿಟ್ಟು ಬಂದ.

ಆಮೇಲೆ ಕಾಲ ತಿರುಗಿತು. 65 ತುಂಬಿದವರ ನಿವೃತ್ತಿ ಶುರುವಾಯಿತು. 2013ರ ಆಗಸ್ಟಿನಿಂದ ಹೊಸ ಕೋ-ಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆ ಬೇಕು ಎಂಬ ನಿಯಮ ಬಂತು, ಬಫಲೋ ಅಪಘಾತದ ಫಲ. ಪೈಲಟ್‌ಗಳು ಸಾಲದಾದರು. 2014ರ ಅಕ್ಟೋಬರಿನಲ್ಲಿ, ನನ್ನ ಹಾಳೆ ಹೇಳಿದ್ದಕ್ಕಿಂತ ಐದು ತಿಂಗಳು ಮೊದಲೇ, ನಾನು ಎಡ ಸೀಟಿಗೆ ಬಂದೆ. ಒಂದೂವರೆ ವರ್ಷದಲ್ಲಿ ಸಾವಿರ ಗಂಟೆ ಆಯಿತು. 2016ರಲ್ಲಿ ಬೇರೆ ಕಂಪನಿಯಿಂದ ಕರೆ ಬಂತು. ಅಲ್ಲಿ ಮತ್ತೆ ಕಟ್ಟಕಡೆಯ ನಂಬರು.

ರಾಜೀನಾಮೆ ಬರೆಯುವ ಮೊದಲು 743ಕ್ಕೆ ಹೇಳಿದೆ. ಅಷ್ಟರಲ್ಲಿ ಅವನೂ ಕ್ಯಾಪ್ಟನ್, ಕ್ಯಾಪ್ಟನ್‌ಗಳಲ್ಲಿ ಕಿರಿಯ, ಮತ್ತೆ ನನ್ನ ಹಿಂದೆಯೇ. ಅವನು ಏನೂ ಕೇಳಲಿಲ್ಲ. ಆದರೆ ಮುಂದಿನ ತಿಂಗಳ ಬಿಡ್ 12ಕ್ಕೆ ಮುಚ್ಚುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ತಿಂಗಳ ಕೊನೆಯವರೆಗೆ ಇದ್ದರೆ ನನಗೆ ಇನ್ನೆರಡು ವಾರದ ಸಂಬಳ ಬರುತ್ತಿತ್ತು. ಹೆಂಡತಿಯನ್ನು ಕೇಳಿದೆ. "11ಕ್ಕೇ ಬಿಡ್ರಿ" ಅಂದಳು. 11ಕ್ಕೆ ಬಿಲ್ಲೆ, ಕೀಲಿಕೈ ಕೊಟ್ಟು ಮನೆಗೆ ಬಂದೆ.

17ರ ಬೆಳಿಗ್ಗೆ ಅವನ ಮೆಸೇಜ್ ಬಂತು. ಲೈನ್ ಸಿಕ್ಕಿದೆ, ಶನಿವಾರ ಭಾನುವಾರ ರಜೆ ಅಂತ ಬರೆದಿದ್ದ. ಕೆಳಗೆ ಮಗಳ ಫೋಟೋ ಇತ್ತು.